ತಂಪು ಬಂದರೆ ಕಾರಣ ಸಿಕ್ಕಿತೇ?

ಬೇಲೂರಿನ ಚೆನ್ನಕೇಶವ ಗುಡಿಯ ದಕ್ಷಿಣಕ್ಕೆ, ಅದೇ ಪ್ರಾಕಾರದೊಳಗೆ, ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ದೊಡ್ಡ ಗುಡಿಯ ಪ್ರತಿಷ್ಠೆ ಮಾಡಿಸಿದ ಕಾಲಕ್ಕೇ ಇದನ್ನು ರಾಣಿ ಶಾಂತಲೆ ಕಟ್ಟಿಸಿದಳು. ಅದರ ಹೆಸರಿನ ಹಿಂದಿನ ಐತಿಹ್ಯ ಕನ್ನಡಿಗರ ಮನೆಮನೆಯಲ್ಲೂ ಇದೆ. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆ ಎಂದು ಎಲ್ಲಿಂದಲೋ ಬಂದ ಹುಡುಗ ಡಂಕಣ ಹೇಳಿದ. ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಹಿರಿಯ ಶಿಲ್ಪಿ ಪಂಥ ಕಟ್ಟಿದ. ಹುಡುಗ ಮೂರ್ತಿಯ ಮೈಗೆಲ್ಲ ಗಂಧ ಬಳಿಸಿದ. ಗಂಧ ಎಲ್ಲ ಕಡೆಯೂ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿಗೆ ಉಳಿ ತಾಗಿಸಿದಾಗ ನೀರು, ಮರಳು, ಒಂದು ಜೀವಂತ ಕಪ್ಪೆ ಹೊರಬಂದವು.

ಇದನ್ನು ಅಹಂಕಾರ ಮುರಿದ ಕತೆಯಾಗಿ, ಒಬ್ಬರನ್ನೊಬ್ಬರು ಅರಿಯದ ತಂದೆ-ಮಗನ ಕತೆಯಾಗಿ ಹೇಳುವುದು ರೂಢಿ. ನಡುವೆ ಬರುವ ಗಂಧದ ಪರೀಕ್ಷೆಯನ್ನು ಯಾರೂ ನಿಂತು ನೋಡುವುದಿಲ್ಲ. ಕಲ್ಲಿನ ಹೊಟ್ಟೆಯೊಳಗಿನ ಪೊಳ್ಳು ಕಣ್ಣಿಗೆ ಬೀಳುವಂಥದ್ದಲ್ಲ. ಕಾಣುವುದು ಅದರ ಗುರುತು ಮಾತ್ರ. ಆ ಗುರುತು ಹಸಿಯಾಗಿ ಉಳಿದ ಒಂದು ಜಾಗದಿಂದಷ್ಟೇ ಹುಟ್ಟಿದ್ದಲ್ಲ, ಒಣಗಿದ ಮಿಕ್ಕೆಲ್ಲ ಮೈಯೂ ಅದಕ್ಕೆ ಸಾಕ್ಷಿ ಹೇಳಿತು. ಇನ್ನೊಂದು ಮಾತೂ ಇದೆ. ಗಂಧ ಮೊದಲು, ಉಳಿ ಆಮೇಲೆ. ಮೂರ್ತಿಗೆ ಏಟು ಬೀಳುವ ಮುಂಚೆಯೇ ಹುಡುಗನಿಗೆ ಜಾಗ ಗೊತ್ತಾಗಿತ್ತು.

ಕಾರ್ಯವನ್ನು ಕಂಡು ಕಾಣದ ಕಾರಣವನ್ನು ತಿಳಿಯಬಹುದೇ? ತಿಳಿಯಬಹುದಾದರೆ ಎಲ್ಲಿಯ ತನಕ? ಭಾರತದ ದಾರ್ಶನಿಕರು ದೇವರ ವಿಷಯದಲ್ಲಿ ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯಿದು. ಇದೇ ಪ್ರಶ್ನೆ ಇಂದು ಅರಸೀಕೆರೆ, ಹಳೇಬೀಡು, ಬೇಲೂರಿನ ರಸ್ತೆ ಬದಿಯ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ, ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳ ಮುಂದೆ ದಿನವೂ ಏಳುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದರಿಂದ ಇನ್ನೊಂದು ತಿಳಿಯಾಗುತ್ತದೆ.

ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ–ಮಂಗಳೂರು ಕಡೆಯ ಮಾರ್ಗ ಕೂಡುವ ಜಂಕ್ಷನ್ ಅರಸೀಕೆರೆ. ಇಲ್ಲಿ ರೈಲಿಳಿದವರು ಬಾಣಾವರ, ಜಾವಗಲ್ ದಾಟಿ ಹಳೇಬೀಡು, ಬೇಲೂರಿಗೆ ಟ್ಯಾಕ್ಸಿಯಲ್ಲಿ ಹೋಗಬಹುದು. ಅಂಥದೊಂದು ಟ್ಯಾಕ್ಸಿಯ ಎ.ಸಿ. ಏಪ್ರಿಲ್ ಬಿಸಿಲಿನಲ್ಲಿ ಕೈಕೊಟ್ಟಿತು ಎಂದಿಟ್ಟುಕೊಳ್ಳೋಣ. ಚಾಲಕ ಅಂಗಡಿಯ ಮುಂದೆ ನಿಲ್ಲಿಸಿ ಹೇಳುವುದು ಒಂದೇ ಮಾತು: “ಅಣ್ಣಾ, ಗಾಳಿ ಬರ್ತದೆ, ತಂಪಿಲ್ಲ.” ಪಕ್ಕದಲ್ಲಿ ನಿಂತವರು ಯಾರೋ ಆಗಲೇ ತೀರ್ಪು ಕೊಟ್ಟಿರುತ್ತಾರೆ: “ಗ್ಯಾಸ್ ಹೋಗಿರ್ಬೇಕು.”

ಆ ತೀರ್ಪು ಮೂರ್ಖತನದ್ದಲ್ಲ, ಅವಸರದ್ದು. ಸಾಮಾನ್ಯ ಕಾರಿನಲ್ಲಿ ಎಂಜಿನ್ ತಿರುಗುವಷ್ಟು ಹೊತ್ತೂ ಬೆಲ್ಟ್ ಎ.ಸಿ. ಪುಲ್ಲಿಯನ್ನು ತಿರುಗಿಸುತ್ತಿರುತ್ತದೆ. ಕಾಂಪ್ರೆಸರ್ ಮಾತ್ರ ಸುಮ್ಮನಿರುತ್ತದೆ. ಅದರ ಮುಂದಿರುವ ಮ್ಯಾಗ್ನೆಟಿಕ್ ಕ್ಲಚ್‌ನ ಕಾಯಿಲ್‌ಗೆ ಬ್ಯಾಟರಿಯ 12 ವೋಲ್ಟ್ ಬಂದಾಗ ಕ್ಲಚ್ ತಟ್ಟೆ ಟಕ್ಕನೆ ಪುಲ್ಲಿಗೆ ಅಂಟಿಕೊಳ್ಳುತ್ತದೆ, ಕಾಂಪ್ರೆಸರ್ ಓಡುತ್ತದೆ, ತಂಪು ಹುಟ್ಟುತ್ತದೆ. ಆ ಕರೆಂಟು ಫ್ಯೂಸ್ ದಾಟಿ, ರಿಲೇ ದಾಟಿ ಬರಬೇಕು. ರಿಲೇ ಒಪ್ಪಬೇಕಾದರೆ ಎ.ಸಿ. ಸ್ವಿಚ್, ಕೂಲಿಂಗ್ ಕಾಯಿಲ್‌ನ ಉಷ್ಣ ಅಳೆಯುವ ಸೆನ್ಸರ್, ಗ್ಯಾಸ್ ಪೈಪಿನ ಪ್ರೆಶರ್ ಸ್ವಿಚ್ ಎಲ್ಲವೂ ಒಪ್ಪಬೇಕು. ಈಚಿನ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್ ಕೂಡ ಹೂಂ ಅನ್ನಬೇಕು. ಇಷ್ಟರಲ್ಲಿ ಎಲ್ಲಿ ಕಡಿದರೂ ಹೊರಗೆ ಕಾಣುವ ಫಲ ಒಂದೇ. ಗ್ಯಾಸ್ ನಿಜವಾಗಿಯೇ ಸೋರಿದ್ದರೆ ಪ್ರೆಶರ್ ಸ್ವಿಚ್ ತಾನಾಗಿ ಕರೆಂಟು ಕಡಿದು ಕಾಂಪ್ರೆಸರನ್ನು ಉಳಿಸುತ್ತದೆ. ಆಗ ಗ್ಯಾಸಿನ ದೋಷ ವಿದ್ಯುತ್ ದೋಷದ ವೇಷದಲ್ಲಿ ಬರುತ್ತದೆ. ವೈರು ಕಡಿದರೆ ವಿದ್ಯುತ್ ದೋಷವೇ ಗ್ಯಾಸು ಹೋದಂತೆ ಕಾಣಿಸುತ್ತದೆ.

ಒಂದೇ ಗುರುತು ಹಲವು ಕಾರಣಗಳ ಬಾಗಿಲಲ್ಲಿ ಅಡ್ಡಾಡುವುದನ್ನು ನ್ಯಾಯದರ್ಶನ ಸವ್ಯಭಿಚಾರ ಎಂದು ಕರೆದು ಹೇತ್ವಾಭಾಸಗಳಲ್ಲಿ, ಅಂದರೆ ಕಾರಣದಂತೆ ತೋರಿ ಮೋಸ ಮಾಡುವವುಗಳಲ್ಲಿ, ಮೊದಲನೆಯದಾಗಿ ಇಟ್ಟಿದೆ. ಗೌತಮನ ನ್ಯಾಯಸೂತ್ರ ಎಣಿಸುವ ಹದಿನಾರು ಪದಾರ್ಥಗಳಲ್ಲಿ, ಅಂದರೆ ವಿಚಾರದ ವಿಷಯಗಳಲ್ಲಿ, ಸಂಶಯ ಮೂರನೆಯದು, ನಿರ್ಣಯ ಒಂಬತ್ತನೆಯದು. ಸಂಶಯದಿಂದ ನಿರ್ಣಯಕ್ಕೆ ಹಾರುವಂತಿಲ್ಲ, ನಡುವೆ ದೃಷ್ಟಾಂತ, ಅವಯವ (ವಾದದ ಅಂಗಗಳು), ತರ್ಕಗಳನ್ನು ಹಾದು ಹೋಗಬೇಕು. ಭಾಷ್ಯಕಾರ ವಾತ್ಸ್ಯಾಯನನ ಪ್ರಕಾರ ಏನೂ ಗೊತ್ತಿಲ್ಲದ ಸಂಗತಿಯಲ್ಲೂ ನ್ಯಾಯಕ್ಕೆ ಕೆಲಸವಿಲ್ಲ, ಖಚಿತವಾಗಿ ಗೊತ್ತಿರುವುದರಲ್ಲೂ ಇಲ್ಲ. ಸಂಶಯ ಇರುವಲ್ಲಿಯೇ ಅದರ ಕೆಲಸ. ಗ್ಯಾಸ್ ಹೋಗಿದೆ ಎಂದವರು ಸಂಶಯವನ್ನೇ ಕೈಬಿಟ್ಟಿದ್ದಾರೆ.

ಆ ಅವಸರಕ್ಕೆ ಬೆಲೆಯೂ ಇದೆ. ಇಂದು ಓಡಾಡುತ್ತಿರುವ ಬಹಳಷ್ಟು ಕಾರುಗಳಲ್ಲಿ ಇರುವುದು ಆರ್134ಎ ಎಂಬ ಅನಿಲ. ನೂರು ವರ್ಷಗಳ ಲೆಕ್ಕದಲ್ಲಿ ಅದರ ಒಂದು ಕಿಲೋ ಭೂಮಿಯನ್ನು ಕಾಯಿಸುವ ಬಲ ಸುಮಾರು 1,430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಕಾರಣ ತಿಳಿಯದೆ ಇದ್ದ ಗ್ಯಾಸನ್ನು ಗಾಳಿಗೆ ಬಿಟ್ಟು ಹೊಸದು ತುಂಬಿದರೆ ನಷ್ಟ ಚಾಲಕನ ಜೇಬಿಗಷ್ಟೇ ಅಲ್ಲ.

ಕೆಲವು ಗುರುತುಗಳು ಹೀಗೆ ಅಡ್ಡಾಡುವುದಿಲ್ಲ, ನೇರವಾಗಿ ತಮ್ಮ ಕಾರಣದ ಬಳಿಗೇ ಕರೆದೊಯ್ಯುತ್ತವೆ. ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿ ಮಿಕ್ಕ ಸ್ಪೀಡುಗಳಲ್ಲಿ ನಿಂತರೆ, ಹಳೆಯ ಬಗೆಯ ಕಾರುಗಳಲ್ಲಿ ರೆಸಿಸ್ಟರ್ ಸುಟ್ಟಿದೆ ಎಂದು ಬಹುಪಾಲು ಧೈರ್ಯವಾಗಿ ಹೇಳಬಹುದು. ಕಡಿಮೆ ಸ್ಪೀಡುಗಳ ಕರೆಂಟೆಲ್ಲ ರೆಸಿಸ್ಟರ್ ಮೂಲಕ ಬರುತ್ತದೆ, ಕೊನೆಯ ಸ್ಪೀಡಿನದು ಅದನ್ನು ಬಳಸಿಕೊಂಡು ಹೋಗುತ್ತದೆ. ಜಾವಗಲ್ ರಸ್ತೆಯ ಓಟದಲ್ಲಿ ತಂಪಾಗಿದ್ದು, ಹಳೇಬೀಡಿನ ಬಸ್ ನಿಲ್ದಾಣದ ಬಳಿ ಜನರ ನಡುವೆ ನಿಂತಾಗ ಬಿಸಿಯಾದರೆ ಮೊದಲು ನೋಡಬೇಕಾದ್ದು ಕಂಡೆನ್ಸರ್ ಫ್ಯಾನು. ಓಡುವಾಗ ಎದುರುಗಾಳಿ ಮಾಡುವ ಕೆಲಸವನ್ನು ನಿಂತಾಗ ಫ್ಯಾನೇ ಮಾಡಬೇಕು. ನಾಲ್ಕು ಸಲ ಹೀಗಾಯಿತು ಎಂಬುದಷ್ಟೇ ಇಲ್ಲಿ ಆಧಾರವಲ್ಲ. ಯಾಕೆ ಹೀಗೇ ಆಗಬೇಕು ಎಂಬುದೂ ಗೊತ್ತಿದೆ. ಹೊಗೆಗೂ ಬೆಂಕಿಗೂ ಇರುವ ಬಿಡದ ನಂಟನ್ನು ವ್ಯಾಪ್ತಿ ಎಂದ ನೈಯಾಯಿಕರು ಹುಡುಕಿದ್ದು ಇಂಥ ನಂಟನ್ನೇ.

ಆದರೆ ವ್ಯಾಪ್ತಿಯ ಹಿಂದೆ ಷರತ್ತೊಂದು ಅಡಗಿ ಕೂತಿರಬಹುದು. ಅದನ್ನು ಉಪಾಧಿ ಎನ್ನುತ್ತಾರೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂದರೆ ತಪ್ಪು, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಸಿ ಕಟ್ಟಿಗೆ ಸೇರಿದರೆ ಮಾತ್ರ ಬೆಂಕಿ ಹೊಗೆಯಾಡುತ್ತದೆ. ಎಲೆಕ್ಟ್ರಿಷಿಯನ್ನನ ಕಸುಬಿನಲ್ಲಿ ಈ ಉಪಾಧಿಗೆ ನಿಚ್ಚಳವಾದ ಉದಾಹರಣೆಯಿದೆ. ಕ್ಲಚ್ ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12 ವೋಲ್ಟ್ ತೋರಿಸುತ್ತದೆ. ಕರೆಂಟು ಬರುತ್ತಿದೆ, ಹಾಗಾದರೆ ಕಾಯಿಲ್ಲೇ ಸತ್ತಿದೆ ಎಂದು ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ತರ್ಕ, ಓಡುತ್ತದೆ. ಹೊಸ ಕಾಯಿಲ್ ಹಾಕಿದರೂ ಕ್ಲಚ್ ಹಿಡಿಯುವುದಿಲ್ಲ.

ಆದದ್ದು ಇಷ್ಟು. ಮಳೆಗಾಲದಲ್ಲಿ ನೀರಿಳಿದು ಒಂದು ಕಪ್ಲರಿನ ಪಿನ್ನು ಹಸಿರುಗಟ್ಟಿದೆ. ಆ ಜಾಗದಲ್ಲಿ 4 ಓಮ್ ತಡೆ ಹುಟ್ಟಿದೆ ಎನ್ನೋಣ. ಕಾಯಿಲ್ಲಿನದೂ 4 ಓಮ್ ಇದ್ದರೆ, ಕೆಲಸಕ್ಕಿಳಿದಾಗ 12 ವೋಲ್ಟಿನಲ್ಲಿ ಅರ್ಧ ಕೊಳೆತ ಪಿನ್ನಿನಲ್ಲೇ ಕಳೆದು ಕಾಯಿಲ್ಲಿಗೆ ಸಿಗುವುದು 6 ವೋಲ್ಟ್. ಡಿಜಿಟಲ್ ಮೀಟರಿನ ಒಳತಡೆಯೋ ಸಾಮಾನ್ಯವಾಗಿ 1 ಕೋಟಿ ಓಮ್. ಅದು ಎಳೆಯುವ ಕರೆಂಟು ಎಷ್ಟು ಅಲ್ಪವೆಂದರೆ ಕೊಳೆತ ಪಿನ್ನಿನ ತಡೆ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ, ಪೂರ್ತಿ 12 ತೋರಿಸುತ್ತದೆ. ಮೀಟರ್ ಸುಳ್ಳು ಹೇಳಲಿಲ್ಲ. ಭಾರ ಬಿದ್ದಾಗಲೂ ಅಷ್ಟೇ ಇರುತ್ತದೆಯೇ ಎಂದು ಅದನ್ನು ಯಾರೂ ಕೇಳಲಿಲ್ಲ. ಕಸುಬು ಬಲ್ಲವನು ಕಪ್ಲರನ್ನು ಕೂಡಿಸಿ, ಎ.ಸಿ. ಹಾಕಿ, ಕಾಯಿಲ್ ಕೆಲಸದಲ್ಲಿರುವಾಗಲೇ ವೋಲ್ಟೇಜ್ ನೋಡುತ್ತಾನೆ. ಇಲ್ಲವೇ ಒಳ್ಳೆಯ ಕರೆಂಟು ಎಳೆಯುವ ಟೆಸ್ಟ್ ಲ್ಯಾಂಪ್ ಹಿಡಿಯುತ್ತಾನೆ. ಪ್ರತ್ಯಕ್ಷವಾಗಿ ಕಂಡದ್ದೂ ಯಾವ ಸ್ಥಿತಿಯಲ್ಲಿ ಕಂಡದ್ದು ಎಂಬುದರ ಮೇಲೆ ನಿಂತಿದೆ.

ಟೆಸ್ಟ್ ಲ್ಯಾಂಪ್ ಹತ್ತದಿದ್ದರೆ? ಕರೆಂಟಿಲ್ಲ ಎಂದು ತಿಳಿಯಬಹುದೇ? ಭಾಟ್ಟ ಮೀಮಾಂಸಕರು ಇಲ್ಲದಿರುವುದನ್ನು ತಿಳಿಯುವ ದಾರಿಗೆ ಅನುಪಲಬ್ಧಿ ಎಂಬ ಬೇರೆಯೇ ಪ್ರಮಾಣವನ್ನು ಒಪ್ಪಿದರು. ಅದಕ್ಕೊಂದು ಬಿಗಿಯಾದ ಕಟ್ಟೂ ಹಾಕಿದರು. ವಸ್ತು ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇದ್ದರೆ ಮಾತ್ರ ಕಾಣದ್ದರಿಂದ ಇಲ್ಲವೆಂದು ತಿಳಿಯಬೇಕು. ಕತ್ತಲ ಕೋಣೆಯಲ್ಲಿ ಕೊಡ ಕಾಣಲಿಲ್ಲವೆಂದರೆ ಕೊಡವಿಲ್ಲ ಎಂದಾಗುವುದಿಲ್ಲ. ಅನುಭವಸ್ಥ ಎಲೆಕ್ಟ್ರಿಷಿಯನ್ ವೈರಿಗೆ ಲ್ಯಾಂಪ್ ಹಿಡಿಯುವ ಮೊದಲೊಮ್ಮೆ, ಹಿಡಿದ ಮೇಲೊಮ್ಮೆ ಅದನ್ನು ಬ್ಯಾಟರಿಗೆ ತಾಗಿಸಿ ನೋಡುವುದು ಇದಕ್ಕೇ. ಬಲ್ಬು ಸರಿಯಿದೆ, ಅರ್ತಿಂಗ್ ಕ್ಲಿಪ್ ಸರಿಯಾಗಿ ಕಚ್ಚಿದೆ ಎಂದು ಗೊತ್ತಾದ ಮೇಲಷ್ಟೇ ಹತ್ತದ ಲ್ಯಾಂಪ್ ಪ್ರಮಾಣವಾಗುತ್ತದೆ.

ಇತಿಹಾಸಕಾರರು ಜಕಣಾಚಾರಿಯ ವಿಷಯದಲ್ಲಿ ಹಿಡಿದದ್ದೂ ಇದೇ ದಾರಿ. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳಿವೆ. ಜಕಣಾಚಾರಿಯ ರುಜು ಇಲ್ಲ. ಹೆಸರು ಕೆತ್ತುವ ರೂಢಿಯೇ ಇಲ್ಲದ ಕಡೆ ಹೆಸರು ಸಿಗಲಿಲ್ಲವೆಂದರೆ ಅದಕ್ಕೆ ತೂಕವಿಲ್ಲ. ಇಷ್ಟೊಂದು ಹೆಸರುಗಳ ನಡುವೆ ಎಲ್ಲರಿಗಿಂತ ದೊಡ್ಡವನದೇ ಇಲ್ಲವೆಂದಾಗ ಆ ಇಲ್ಲದಿರುವಿಕೆಗೆ ತೂಕ ಬರುತ್ತದೆ. ಜನರ ನೆನಪಿನಲ್ಲಿ ಅವನಿಗಿರುವ ಜಾಗ ಇದರಿಂದ ಕಿರಿದಾಗುವುದಿಲ್ಲ. ಕರ್ನಾಟಕ ಸರ್ಕಾರ ಶಿಲ್ಪಿಗಳಿಗೆ ಇಂದಿಗೂ ಅವನ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತದೆ.

ಟ್ಯಾಕ್ಸಿಗೆ ಮರಳೋಣ. ಎಲೆಕ್ಟ್ರಿಷಿಯನ್ ರಿಲೇ ಬದಲಿಸಿದ, ಕ್ಲಚ್ ಹಿಡಿಯಿತು, ತಣ್ಣನೆ ಗಾಳಿ ಬಂತು. ದೋಷ ರಿಲೇಯಲ್ಲೇ ಇತ್ತು ಎಂದು ಗೊತ್ತಾಯಿತೇ?

ಇಲ್ಲಿ ಭಾರತೀಯ ದರ್ಶನಗಳ ಹಳೆಯ ಜಗಳವೊಂದು ಏಳುತ್ತದೆ. ಜ್ಞಾನ ಹುಟ್ಟುವಾಗಲೇ ತನ್ನಿಂದ ತಾನೇ ಪ್ರಮಾಣ, ಬಾಧೆ ಬರುವ ತನಕ ಅದನ್ನು ನಂಬಬೇಕು ಎಂದರು ಮೀಮಾಂಸಕರು. ಇಲ್ಲ, ಅದನ್ನು ನಂಬಿ ನಡೆದಾಗ ಫಲ ಸಿಕ್ಕಿದರೆ ಮಾತ್ರ ಅದು ನಿಜವೆಂದು ತಿಳಿಯುತ್ತದೆ, ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬುದು ಕುಡಿದಾಗ ಗೊತ್ತು ಎಂದರು ನೈಯಾಯಿಕರು. ಅಂಗಡಿಯಲ್ಲಿ ಎಲ್ಲರೂ ನೈಯಾಯಿಕರೇ, ತಂಪು ಬಂದಮೇಲೆ ಮಾತೇನು? ಆದರೆ ಫಲ ಬಂದಮಾತ್ರಕ್ಕೆ ಕಾರಣ ತಿಳಿಯಿತು ಎನ್ನಲಾಗದು. ಹಳೆಯ ರಿಲೇ ಕಿತ್ತು ಹೊಸದನ್ನು ಒತ್ತುವಾಗ ಸಾಕೆಟ್ಟಿನ ಸಡಿಲ ಪಿನ್ನು ಬಿಗಿಯಾಗಿರಬಹುದು. ಬೆರಳು ತಾಗಿ ಪಕ್ಕದ ವೈರು ಕೂಡಿಕೊಂಡಿರಬಹುದು. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುವ ಕಾರಾದರೆ ಇಲಿ ಅರ್ಧ ಕಡಿದುಬಿಟ್ಟ ವೈರು ಅದುರಾಟಕ್ಕೆ ಕೂಡುತ್ತ ಬಿಡುತ್ತ ಇರಬಹುದು. ಕ್ಲಚ್ಚಿನ ತಟ್ಟೆ ಸವೆದು ಅಂತರ ಹೆಚ್ಚಾಗಿದ್ದರಂತೂ ಇನ್ನೂ ಮೋಸ. ತಾಮ್ರದ ತಡೆ ಪ್ರತಿ 10 ಡಿಗ್ರಿಗೆ ಸುಮಾರು ಶೇಕಡಾ 4ರಷ್ಟು ಏರುತ್ತದೆ. ಕಾಯಿಲ್ 75 ಡಿಗ್ರಿ ಹೆಚ್ಚು ಕಾದರೆ ಶೇಕಡಾ 30ರ ಹತ್ತಿರ. ತಡೆ ಏರಿ ಕರೆಂಟು ಇಳಿದಾಗ ಸೆಳೆತ ಸಾಲದೆ ತಟ್ಟೆ ಬಿಟ್ಟುಕೊಳ್ಳುತ್ತದೆ, ಆರಿದಾಗ ಮತ್ತೆ ಹಿಡಿಯುತ್ತದೆ. ರಿಲೇ ಬದಲಿಸಲು ಹಿಡಿದ ಅರ್ಧ ಗಂಟೆಯಲ್ಲಿ ಕಾಯಿಲ್ ಆರಿತ್ತು, ಅಷ್ಟೇ. ಬೇಲೂರು ತಲುಪುವ ಹೊತ್ತಿಗೆ ಟ್ಯಾಕ್ಸಿ ಮತ್ತೆ ಬಿಸಿ.

ಇದನ್ನು ಬಿಡಿಸುವ ದಾರಿಯೂ ಅದೇ ಶಾಸ್ತ್ರಗಳಲ್ಲಿದೆ. ಅದಿದ್ದಾಗ ಇದಿರುತ್ತದೆಯೇ ಎಂಬುದು ಅನ್ವಯ, ಅದಿಲ್ಲದಾಗ ಇದೂ ಇರುವುದಿಲ್ಲವೇ ಎಂಬುದು ವ್ಯತಿರೇಕ. ಹೊಸ ರಿಲೇಯಲ್ಲಿ ತಂಪು ಬಂದದ್ದು ಅರ್ಧ ಮಾತು. ಹಳೆಯ ರಿಲೇಯನ್ನು ಮತ್ತೆ ಹಾಕಿದಾಗ ತಂಪು ನಿಂತು, ಹೊಸದನ್ನು ಹಾಕಿದಾಗ ಮತ್ತೆ ಬಂದರೆ ಮಾತು ಪೂರ್ತಿ. ಮರಳಿ ನೋಡುವ ಈ ಎರಡು ನಿಮಿಷದ ಕೆಲಸವೇ ಊಹೆಯನ್ನು ಜ್ಞಾನವಾಗಿಸುತ್ತದೆ.

ಈಗ ದೊಡ್ಡ ಪ್ರಶ್ನೆ. ಬೇಲೂರಿನ ಶಾಸನವೊಂದರಲ್ಲಿ ಬರುವ ಸುಪ್ರಸಿದ್ಧ ಸಂಸ್ಕೃತ ಶ್ಲೋಕ ಕೇಶವನನ್ನು ಶೈವರು, ವೇದಾಂತಿಗಳು, ಬೌದ್ಧರು, ನೈಯಾಯಿಕರು, ಜೈನರು, ಮೀಮಾಂಸಕರು ಯಾವ ಯಾವ ಹೆಸರಿನಲ್ಲಿ ಕಾಣುತ್ತಾರೆಂದು ಸಾಲಾಗಿ ಹೇಳುತ್ತದೆ. ಅದರಲ್ಲಿ ನೈಯಾಯಿಕರ ದೇವರು ಕರ್ತ. ಮಡಕೆಗೆ ಕುಂಬಾರ ಇರುವಂತೆ ಜಗತ್ತೆಂಬ ಕಾರ್ಯಕ್ಕೂ ಕರ್ತ ಇರಲೇಬೇಕು ಎಂಬುದು ಅವರ ಅನುಮಾನ. 10–11ನೇ ಶತಮಾನದ ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯಲ್ಲಿ ಇದಕ್ಕೆ ಅತ್ಯಂತ ಗಟ್ಟಿಯಾದ ರೂಪ ಕೊಟ್ಟ.

ಈ ಅನುಮಾನವನ್ನು ಒಪ್ಪದವರು ನಾಸ್ತಿಕರಷ್ಟೇ ಅಲ್ಲ. ಸಂಪ್ರದಾಯ ವಿಷ್ಣುವರ್ಧನನ ಗುರುವೆಂದು ಹೇಳುವ ರಾಮಾನುಜಾಚಾರ್ಯರೇ ಶ್ರೀಭಾಷ್ಯದಲ್ಲಿ ಬ್ರಹ್ಮವನ್ನು ಶಾಸ್ತ್ರದಿಂದ ತಿಳಿಯಬೇಕೇ ಹೊರತು ಅನುಮಾನದಿಂದಲ್ಲ ಎಂದು ವಾದಿಸಿದರು. ಮಾಡಿದ ವಸ್ತುಗಳಿವೆ ಎಂಬುದರಿಂದ ಎಲ್ಲವನ್ನೂ ಒಬ್ಬನೇ, ಒಂದೇ ಕಾಲದಲ್ಲಿ ಮಾಡಿದ ಎಂದಾಗುವುದಿಲ್ಲ ಎಂಬುದು ಅಲ್ಲಿ ಬರುವ ಮುಖ್ಯ ಆಕ್ಷೇಪ. ಬೇಲೂರಿನ ಗೋಡೆಗಳ ಮೇಲಿನ ಹಲವು ಶಿಲ್ಪಿಗಳ ರುಜುಗಳು ಆ ವಾದಕ್ಕೆ ಕಲ್ಲಿನ ಸಾಕ್ಷಿಯಂತಿವೆ. ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಹಳೇಬೀಡಿನಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಅರಸೀಕೆರೆಯಲ್ಲಿ ವೀರಬಲ್ಲಾಳನ ಕಾಲದ, 1220ರ ಸಹಸ್ರಕೂಟ ಜಿನಾಲಯವಿದೆ. ಅಲ್ಲಿ ಕೈಮುಗಿದವರ ದರ್ಶನದಲ್ಲಿ ಜಗತ್ತು ಅನಾದಿ, ಅದಕ್ಕೆ ಕರ್ತನೇ ಇಲ್ಲ. ಇಷ್ಟು ಭಿನ್ನ ಉತ್ತರಗಳನ್ನು ನಂಬಿದವರು ಒಂದೇ ರಾಜ್ಯದಲ್ಲಿ, ಒಬ್ಬರ ಪಕ್ಕ ಒಬ್ಬರು ಗುಡಿ ಕಟ್ಟಿಕೊಂಡು ಬಾಳಿದರು.

ಎಲೆಕ್ಟ್ರಿಷಿಯನ್ನನ ಅನುಮಾನಕ್ಕೂ ಉದಯನನ ಅನುಮಾನಕ್ಕೂ ಆಕಾರದಲ್ಲಿ ಭೇದವಿಲ್ಲ. ಇಬ್ಬರೂ ಕಾರ್ಯದಿಂದ ಕಾರಣಕ್ಕೆ ನಡೆಯುತ್ತಾರೆ. ಭೇದವಿರುವುದು ಮರಳಿ ನೋಡುವ ಅವಕಾಶದಲ್ಲಿ. ಮಡಕೆಗಳನ್ನು ಸಾವಿರ ಕಂಡಿದ್ದೇವೆ, ಕುಂಬಾರನನ್ನೂ ಕಂಡಿದ್ದೇವೆ. ರಿಲೇ ತೆಗೆದು ಹಾಕಿ ನೋಡಬಹುದು. ಜಗತ್ತು ಇರುವುದು ಒಂದೇ. ಅದು ಹುಟ್ಟಿದ್ದನ್ನು ನೋಡಿದವರಿಲ್ಲ, ಕರ್ತ ಇಲ್ಲದ ಇನ್ನೊಂದು ಜಗತ್ತನ್ನು ಪಕ್ಕಕ್ಕಿಟ್ಟು ವ್ಯತಿರೇಕ ತೋರಿಸಲು ಬರುವುದಿಲ್ಲ. ಮರಳಿ ಪರೀಕ್ಷಿಸಲು ದಾರಿಯಿರುವಲ್ಲಿ ಅನುಮಾನ ರಾಜ, ಆ ದಾರಿ ಮುಗಿದಲ್ಲಿ ಅದರ ಅಧಿಕಾರವೂ ಮುಗಿಯುತ್ತದೆ. ಇದರಿಂದ ಭಕ್ತನಿಗೆ ನಷ್ಟವಿಲ್ಲ. ಒಂದು ತರ್ಕಕ್ಕೆ ನೇತುಹಾಕಿದ ದೇವರನ್ನು ಅದಕ್ಕಿಂತ ಚೂಪಾದ ಇನ್ನೊಂದು ತರ್ಕ ಇಳಿಸಿಬಿಡಬಲ್ಲದು. ರಾಮಾನುಜರು ಭಕ್ತಿಯನ್ನು ಅಂಥ ಅಪಾಯದಿಂದ ಪಾರುಮಾಡಿದರು. ನೈಯಾಯಿಕರ ಹಿರಿಮೆಯೂ ಕುಗ್ಗುವುದಿಲ್ಲ. ಅವರ ಈಶ್ವರಾನುಮಾನವನ್ನು ಒರೆಗೆ ಹಚ್ಚಲು ಎದುರಾಳಿಗಳು ಬಳಸಿದ ಹೇತ್ವಾಭಾಸ, ಉಪಾಧಿಗಳ ಪರೀಕ್ಷೆಯನ್ನು ಇಷ್ಟು ಹರಿತವಾಗಿ ಬೆಳೆಸಿದವರಲ್ಲಿ ಅವರೇ ಮುಂಚೂಣಿಯವರು.

ದೇವರ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ನಾಡಿನಲ್ಲಿ ಕಾರಿನ ವಿಷಯದಲ್ಲಿ ಮಾತ್ರ ಎಚ್ಚರ ಸಡಿಲ. ಫ್ಯೂಸ್ ಎರಡನೇ ಸಲ ಸುಟ್ಟರೆ ದೊಡ್ಡ ಫ್ಯೂಸ್ ಹಾಕು, ಇಲ್ಲದಿದ್ದರೆ ತಂತಿ ಸುತ್ತು ಎನ್ನುವವರಿದ್ದಾರೆ. ಆಗ ಎಚ್ಚರಿಕೆ ಕೊಡಬೇಕಾದದ್ದು ಮೂಕವಾಗಿ ವೈರಿಂಗಿಗೇ ಬೆಂಕಿ ಹತ್ತಬಹುದು. ಪ್ರೆಶರ್ ಸ್ವಿಚ್ ಬಿಟ್ಟು ಕಾಂಪ್ರೆಸರಿಗೆ ಡೈರೆಕ್ಟ್ ಕೊಡಿ ಎನ್ನುವುದೂ ಇದೇ ಜಾತಿಯ ಬೇಡಿಕೆ. ಎಣ್ಣೆ ಗ್ಯಾಸಿನೊಡನೆಯೇ ಹರಿದಾಡುವುದರಿಂದ, ಗ್ಯಾಸಿಲ್ಲದೆ ಓಡಿದ ಕಾಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೂ ಎ.ಸಿ. ಕಡ್ಡಾಯವಾಗಿದೆ. ಅರಸೀಕೆರೆಯಿಂದ ತೆಂಗು, ಕೊಬ್ಬರಿ ಹೊತ್ತು ಹೊರಡುವ ಲಾರಿ ಚಾಲಕರಿಗೂ ಈ ಪ್ರಶ್ನೆಗಳು ಇನ್ನು ಹತ್ತಿರವಾಗುತ್ತವೆ.

ಆದ್ದರಿಂದ ವಾಹನ ಇಟ್ಟುಕೊಂಡವರು ಅಂಗಡಿಗೆ ಹೋದಾಗ ತೀರ್ಪನ್ನು ಕೊಂಡೊಯ್ಯಬಾರದು, ಗುರುತುಗಳನ್ನು ಹೇಳಬೇಕು: ನಿಂತಾಗ ಬಿಸಿಯೋ, ಓಡುವಾಗಲೋ, ಕಾದ ಮೇಲೆ ನಿಲ್ಲುತ್ತದೋ, ಮೊದಲಿನಿಂದಲೋ, ಮಳೆ ಬಂದ ಮೇಲೆ ಶುರುವಾಯಿತೋ. ಹಳೆಯ ಭಾಗವನ್ನು ಮರಳಿ ಹಾಕಿ ತೋರಿಸಿ ಎಂದು ಕೇಳಬೇಕು. ನಮ್ಮಲ್ಲಿ ಭಾಗ ಬದಲಿಸಿದರೆ ದುಡ್ಡು ಕೊಡುತ್ತೇವೆ. ಒಂದು ಗಂಟೆ ಹುಡುಕಿ ಒಂದು ಪಿನ್ನು ಉಜ್ಜಿ ಸರಿಮಾಡಿದವನ ಹತ್ತಿರ ಇಷ್ಟಕ್ಕೆ ಇಷ್ಟು ದುಡ್ಡೇ ಎಂದು ಚೌಕಾಸಿ ಮಾಡುತ್ತೇವೆ. ಹಾಗೆ ಮಾಡಿದರೆ ಮುಂದಿನ ಸಲ ಅವನು ಹುಡುಕುವುದಿಲ್ಲ, ಭಾಗ ಬದಲಿಸುತ್ತಾನೆ. ಕಾರಣ ಹುಡುಕಿ ಕೊಟ್ಟವನಿಗೆ, ಹಾಕಿದ ಸಾಮಾನಿನ ಲೆಕ್ಕ ನೋಡದೆ, ಹುಡುಕಿದ ಕೆಲಸದ ಕೂಲಿಯನ್ನು ಪೂರ್ತಿ ಕೊಡಿ.